ನ್ಯಾಮತಿಯಿಂದ ಆಫ್ರಿಕಾ ಆಳಿದವರು

ಕುಂಯ್... ಗೊರಗೊರ... ಎಪ್ಪತ್ತರ ದಶಕದ ನನ್ನ ಸಂಜೆಗಳೆಲ್ಲ ಶಾರ್ಟ್‌ವೇವ್ ರೇಡಿಯೋದ ಈ ಕೀರಲಿನಿಂದಲೇ ಶುರುವಾಗುತ್ತಿದ್ದವು. ಆ ಹೊತ್ತಿಗೆ ನನ್ನ ಮಾವನವರು ನ್ಯಾಮತಿಯ ತಮ್ಮ ಬಟ್ಟೆ ಅಂಗಡಿಯಲ್ಲಿ ಕೂತು ಆಫ್ರಿಕಾ ಖಂಡವನ್ನು ಆಳಲು ತೊಡಗುತ್ತಿದ್ದರು. ಆಫ್ರಿಕಾದವರಿಗೆ ಮಾತ್ರ ಈ ವಿಷಯ ಗೊತ್ತಿರಲಿಲ್ಲ, ಪಾಪ!

ನಾನು ಕಾನ್ವೆಂಟಿನಲ್ಲಿ ಓದಿದ ಹೊಸ ಸೊಸೆ. ಇಂಗ್ಲಿಷ್ ನ್ಯೂಸ್ ಕೇಳಿ ಕನ್ನಡದಲ್ಲಿ ಹೇಳುವುದು ನನ್ನ ಡ್ಯೂಟಿ. ಅಂಗಡಿ ಕಟ್ಟೆಯ ಮೇಲೆ ಹಿರಿಯರೆಲ್ಲ ಸೇರಿ ಡಿಬೇಟ್ ಮಾಡುವರು. ಪಂಚೆ ಕೊಳ್ಳಲು ಬಂದವರಿಗೂ ಬಿಡುಗಡೆಯಿರಲಿಲ್ಲ.

“ಜಾಂಬಿಯಾದೋರು ತಾಮ್ರ ಹಂಗೇ ಮಾರ್ಬೇಕೋ, ತಂತಿ ಮಾಡಿ ಮಾರ್ಬೇಕೋ? ಅದನ್ನ ಹೇಳ್ರಿ ಮೊದ್ಲು.”

“ಮೊದ್ಲು ಪಂಚೆ ಕೊಡ್ರಿ ಸಾವ್ಕಾರ್ರೆ. ತಂತಿ ಆಮೇಲೆ ನೋಡಾನ.”

“ನಮ್ಮ ಪಂಚಾಯ್ತಿ ಬಿಟ್ಟು ಆಫ್ರಿಕಾ ಯಾಕೆ ಮಾವ?” ಎಂದು ಒಮ್ಮೆ ಕೇಳಿದ್ದೆ.

“ಪಂಚಾಯ್ತಿಯಾಗೆ ಎಲ್ರಿಗೂ ಒಬ್ಬೊಬ್ಬ ಬೀಗ ಅದಾನವ್ವ. ಆಫ್ರಿಕಾದಾಗೆ ಯಾರಿಗೂ ಬೀಗರಿಲ್ಲ. ನ್ಯಾಯ ನೆಟ್ಟಗೆ ಹೇಳ್ತಾರೆ.”

ವೋಟಿಂಗ್ ಕೂಡ ಇತ್ತು. ದನದ ಸಂತೆಯಲ್ಲಿ ಟವೆಲಿನಡಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರಲ್ಲ, ಹಾಗೆ. ಟವೆಲು ಹೊದಿಸಿದ ಕೈಯನ್ನು ಮಾವ ಪ್ರತಿಯೊಬ್ಬರ ಮುಂದೆ ಚಾಚುವರು. ಒಂದು ಬೆರಳು ಹಿಡಿದರೆ ಹೌದು, ಎರಡು ಹಿಡಿದರೆ ಬೇಡ. ಇದಕ್ಕಿಂತ ಪರ್ಫೆಕ್ಟ್ ಸೀಕ್ರೆಟ್ ಬ್ಯಾಲಟ್ ಯಾವ ದೇಶದಲ್ಲಿದೆ, ಹೇಳಿ?

ಆಗಲೇ ಹೊನ್ನಾಳಿಯ ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿತು. ಮಾವನ ಅಣ್ಣ, ಅಂದರೆ ನಮ್ಮ ದೊಡ್ಡಮಾವ, ಮನೆಯ ಯಜಮಾನರು. “ಸೊಸಿ ಬಸ್ ಹತ್ತಿ ದುಡಿಯಾಕೆ ಹೋಗೋದಾ? ಬ್ಯಾಡ” ಎಂದುಬಿಟ್ಟರು. ಮಾವ ಅಣ್ಣನಿಗೆ ಎಂದೂ ಎದುರಾಡಿದವರಲ್ಲ. ನಾನು ಒಲೆಯ ಹೊಗೆಯ ನೆಪದಲ್ಲಿ ಅತ್ತುಬಿಟ್ಟೆ.

ಮರುದಿನ ಕಟ್ಟೆಯ ಮೇಲೆ ಮಾವನ ಪ್ರಶ್ನೆ: “ಟಾಂಜಾನಿಯಾದಾಗೆ ಓದಿದ ಹೆಣ್ಮಕ್ಳನ್ನ ಕೆಲ್ಸಕ್ಕೆ ಕಳಿಸ್ಬೇಕೋ, ಬ್ಯಾಡೋ?”

“ಕಳಿಸ್ದೆ ಮತ್ತೇನು? ಮನ್ಯಾಗೆ ಕೂರ್ಸಿದ್ರೆ ದೇಶ ಹೆಂಗೆ ಮುಂದೆ ಬರ್ತೈತೆ?” ಎಂದು ಗುಡುಗಿದವರು ಬೇರೆ ಯಾರೂ ಅಲ್ಲ, ದೊಡ್ಡಮಾವ!

ಟವೆಲು ಅವರ ಮುಂದೆ ಬಂತು. ಒಂದೇ ಬೆರಳು ಹಿಡಿದರು.

ಮಾವ ಕೈ ಹಿಂದೆ ತೆಗೆಯಲಿಲ್ಲ. “ಅಣ್ಣಾ, ನನ್ ಬೆರಳು ಇನ್ನೂ ನಿಮ್ ಕೈಯಾಗೈತೆ. ಟಾಂಜಾನಿಯಾಕ್ಕೆ ಸರಿ ಅಂದಿದ್ದು ನ್ಯಾಮತಿಗೆ ಹೆಂಗೆ ತಪ್ಪಾಗ್ತೈತೆ?”

ಸಂತೆಯಲ್ಲಿ ಬೆರಳು ಹಿಡಿದವರು ಮಾತು ಬದಲಿಸುವ ಹಾಗಿಲ್ಲ. ದೊಡ್ಡಮಾವ ಟವೆಲನ್ನು ನೋಡಿದರು, ರಸ್ತೆಯನ್ನು ನೋಡಿದರು. ಆಮೇಲೆ ಕೇಳಿದರು: “ಹೊನ್ನಾಳಿಗೆ ಮೊದ್ಲನೇ ಬಸ್ಸು ಎಷ್ಟೊತ್ತಿಗೈತೆ?”

ಆ ಬಸ್ಸಿನಿಂದ ಶುರುವಾದದ್ದು ನನ್ನ ಇಡೀ ಜೀವನ. ಮಾವನಿಗೆ ನಾನೊಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ನಮ್ಮ ಮನೆಗಳಲ್ಲಿ ಹಾಗೆಲ್ಲ ಹೇಳುವ ರೂಢಿ ಎಲ್ಲಿತ್ತು?

ಅವರನ್ನು ಕೊನೆಯ ಸಲ ಕಂಡದ್ದು ಎಂಬತ್ತರ ದಶಕದಲ್ಲಿ, ನನಗೆ ಟ್ರಾನ್ಸ್‌ಫರ್ ಆಗಿದ್ದ ಜಗಳೂರಿನಲ್ಲಿ. ಮಧ್ಯಾಹ್ನ ಕ್ಲಾಸಿಗೆ ಕಾಲಿಟ್ಟೆ. ಹೆಡ್‌ಮಾಸ್ಟರರನ್ನು ಕೇಳಿಕೊಂಡು ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದರು ಮಾವ. ಮಕ್ಕಳೆಲ್ಲ “ಗುಡ್ ಆಫ್ಟರ್‌ನೂನ್ ಮಿಸ್” ಎಂದು ಎದ್ದರು. ಡೆಸ್ಕು ಹಿಡಿದುಕೊಂಡು, ನಿಧಾನವಾಗಿ, ಅವರೂ ಎದ್ದರು. ಅವರು ಬಂದಾಗ ಏಳಬೇಕಾದ ಸೊಸೆ ನಾನು. ಯಾರಿಗೂ ಕೂರಲು ಹೇಳಲಾಗಲಿಲ್ಲ.

“ನಿಂತಿರ್ತೀವಿ ಬಿಡ್ರಿ ಟೀಚರ್ರೇ,” ಎಂದರು ಮಾವ. “ನೀವು ಹೇಳಿದಾಗ ಕೂರ್ತೀವಿ.”