ಕರೆಂಟಿಲ್ಲದ ಹಲ್ಲಿನ ಡಾಕ್ಟರು

ಎಲ್ಲ ಶುರುವಾದದ್ದು ದುರುಗಪ್ಪನಿಂದ. ಸಂತೆಕಲ್ಲೂರಿನ ಈ ಮಹಾರಾಯ ಹೋದ ತಿಂಗಳು ಮಸ್ಕಿಯ ಹಲ್ಲಿನ ಡಾಕ್ಟರು ಸಿದ್ದರಾಮೇಶನ ಕುರ್ಚಿಯಲ್ಲಿ ಕೂತಿದ್ದ. ಹಲ್ಲು ಕೊರೆಯುವ ಮಷಿನ್ ಗುಂಯ್ ಅಂದದ್ದೇ ತಡ, ಕೊರಳಿಗೆ ಕಟ್ಟಿದ ಹಸಿರು ಬಟ್ಟೆಯ ಸಮೇತ ಎದ್ದು ಓಡಿ ಬಸ್ಸು ಹತ್ತಿದ. ಆ ಬಟ್ಟೆ ಊರಿನ ಕಟ್ಟೆಯ ಮೇಲೆ ಎಲ್ಲರ ಕೈಗೂ ಹೋಗಿ ಬಂತು. ಅಂದಿನಿಂದ ಸಂತೆಕಲ್ಲೂರಿನ ಒಂದು ನರಪಿಳ್ಳೆಯೂ ಸಿದ್ದರಾಮೇಶನ ಮೆಟ್ಟಿಲು ಹತ್ತಿರಲಿಲ್ಲ.

ಸಿದ್ದರಾಮೇಶ ಕೆಟ್ಟ ಡಾಕ್ಟರಲ್ಲ. ಆದರೆ ಮಷಿನ್ ಮೇಲೆ ಅವನಿಗೆ ಹೊಸ ಅಳಿಯನ ಮೇಲೆ ಅತ್ತೆಗಿರುವಂಥ ಮೋಹ. ಅವನ ಜೊತೆ ಓದಿದ ಶಾಹೀನ್ ಲಿಂಗಸುಗೂರಿನಲ್ಲಿ ಕ್ಲಿನಿಕ್ ಇಟ್ಟಿದ್ದಳು. ಸಣ್ಣ ಹುಳುಕಾದರೆ ಆಕೆ ಮಷಿನ್ ಮುಟ್ಟುತ್ತಲೇ ಇರಲಿಲ್ಲ. ಪುಟ್ಟ ಚಮಚದಂಥ ಉಪಕರಣದಿಂದ ಮೆತ್ತಗಾದಷ್ಟನ್ನೇ ಕೆರೆದು ತೆಗೆದು, ಸಿಮೆಂಟು ತುಂಬಿ, ಬೆರಳಿನಿಂದ ಒತ್ತಿ ಕಳಿಸುತ್ತಿದ್ದಳು. ಸೂಜಿ ಬೇಡ, ಗಟ್ಟಿ ಹಲ್ಲಿಗೆ ಗಾಯವಿಲ್ಲ. ಆಕೆಯ ಒತ್ತಾಯಕ್ಕೆ ಸಿದ್ದರಾಮೇಶ ಸಿಂಧನೂರಿನಲ್ಲಿ ಎರಡು ದಿನದ ತರಬೇತಿಗೂ ಹೋಗಿದ್ದ. ಊಟ ಚೆನ್ನಾಗಿತ್ತು. ಅಲ್ಲಿ ಕೊಟ್ಟ ಉಪಕರಣದ ಪೆಟ್ಟಿಗೆ ಮಾತ್ರ ಕಪಾಟಿನಲ್ಲಿ ಸೀಲು ಒಡೆಯದೆ ಕೂತಿತ್ತು. "ಅದೆಲ್ಲ ಕರೆಂಟಿಲ್ಲದ ಊರಾಗ ಮಾಡೋ ಕೆಲಸ. ಇಷ್ಟು ಚಲೋ ಮಷಿನ್ ಇಟ್ಕೊಂಡು ನಾ ಕೆರಕೋತ ಕುಂದ್ರಲೇನು?" ಎನ್ನುತ್ತಿದ್ದ.

ಅಂಥವನ ಬೆಂಚಿಗೆ ಅವತ್ತು ಬೆಳಿಗ್ಗೆ ಸಂತೆಕಲ್ಲೂರಿನ ಚಾಂದ್‌ಬೀ ಬಂದು ಕೂತಳು. ತಣ್ಣೀರು ತಾಕಿದರೆ ಕೆಳಗಿನ ಹಲ್ಲು ಜುಮ್ಮೆನ್ನುತ್ತಿತ್ತು. ಸಂಜೆ ಮಗಳು ಅರ್ಜುಮಂದ್‌ಳನ್ನು ನೋಡಲು ಗಂಡಿನವರು ಬರುವವರಿದ್ದರು, ಒಂದು ಗಂಟೆಯ ಬಸ್ಸಿಗೆ ಆಕೆ ವಾಪಸು ಹೋಗಲೇಬೇಕು. ಚಾಂದ್‌ಬೀ ಹೇಳಿದ್ದನ್ನು ಇಡೀ ಊರು ನಂಬುತ್ತದೆಂದು ಸಿದ್ದರಾಮೇಶನಿಗೆ ಗೊತ್ತಿತ್ತು. ಇವಳು ನಗುತ್ತ ಹೋದರೆ ಊರು ಮತ್ತೆ ಬರುತ್ತದೆ, ಅಳುತ್ತ ಹೋದರೆ ಆ ಊರಿನ ಆಸೆ ಇವತ್ತಿಗೇ ಮುಗಿಯಿತು.

ಅವನು ಒಳಗೆ ಗ್ಲೌಸು ಹಾಕಿಕೊಳ್ಳುತ್ತಿದ್ದಾಗ ಫ್ಯಾನು ನಿಂತಿತು. ಚಾಂದ್‌ಬೀ ಚೀಲವನ್ನು ಎದೆಗವಚಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಚೀಲ ಕೆಳಗಿಡಿ ಅಂದರೂ ಇಡಲಿಲ್ಲ. ಸಿದ್ದರಾಮೇಶ ಪೆಡಲ್ ಒತ್ತಿದ. ಮಷಿನ್ ಸತ್ತುಬಿದ್ದಿತ್ತು.

ಕರೆಂಟು ಹೋದ ಸುದ್ದಿಗೆ ಓಣಿ ಸೇರಿತು. ಟೇಲರ್ ಬಂದೇಸಾಬ ಕೊರಳ ಟೇಪಿನೊಂದಿಗೇ ಬಂದು, ತನ್ನ ಅಂಗಡಿಯಲ್ಲಿ ಕರೆಂಟಿದೆ, ಇಲ್ಲಿ ಒಂದು ಫೇಸ್ ಹೋಗಿರಬೇಕು ಎಂದು ತೀರ್ಪು ಕೊಟ್ಟ. ಜ್ಯೂಸ್ ಅಂಗಡಿಯ ಅಮರಗುಂಡಪ್ಪ ಯಾರೂ ಕೇಳದಿದ್ದರೂ ಉದ್ದನೆಯ ವೈರು ಎಳೆದು ತಂದ. ಮಷಿನಿಗೆ ಗಾಳಿ ತುಂಬುವ ಕಂಪ್ರೆಸರ್ ಒಂದೇ ಸಲ ಗುಟುರು ಹಾಕಿ, ಅವನ ಅಂಗಡಿಯ ಕರೆಂಟನ್ನೂ ನುಂಗಿ ಸುಮ್ಮನಾಯಿತು. ಅದರ ಪ್ಲಗ್ಗನ್ನು ಮತ್ತೆ ಕ್ಲಿನಿಕ್ಕಿನ ಗೋಡೆಗೇ ಸಿಕ್ಕಿಸಿದರು. ಮಿಕ್ಸರಿನಲ್ಲಿ ಅರ್ಧ ಅರೆದ ಮೋಸಂಬಿ ಹಾಗೇ ಉಳಿಯಿತು. ಮೀಟರ್ ಬೋರ್ಡು ನೋಡಿ ಎಂದು ಬಂದೇಸಾಬ ಡಾಕ್ಟರಿಗೇ ಹೇಳಿದ. ಆದರೆ ದಿನಾ ಊರಿನವರ ಹಲ್ಲು ಕೊರೆಯುವ ಸಿದ್ದರಾಮೇಶನಿಗೆ ಕರೆಂಟ್ ಅಂದರೆ ಭಯ, ಬೋರ್ಡಿನ ಹತ್ತಿರವೂ ಸುಳಿಯಲಿಲ್ಲ. ಲೈನ್‌ಮನ್‌ಗೆ ಫೋನ್ ಮಾಡಿದರೆ ಆತ ತುರ್ವಿಹಾಳದಲ್ಲಿದ್ದ, ಸಂಜೆ ಬರುತ್ತೇನೆಂದ.

ಹನ್ನೆರಡಾಯಿತು. ಚಾಂದ್‌ಬೀ ಗಡಿಯಾರ ನೋಡಿದಳು. ಬೇರೆ ದಾರಿ ಕಾಣದೆ ಸಿದ್ದರಾಮೇಶ ಕಪಾಟು ತೆರೆದು ಪೆಟ್ಟಿಗೆಯ ಸೀಲು ಒಡೆದ.

ಬಂದೇಸಾಬ ಮೊಬೈಲ್ ಟಾರ್ಚು ಹಿಡಿದ. ಸಿದ್ದರಾಮೇಶ ಶಾಹೀನ್ ಕಲಿಸಿದ್ದನ್ನು ನೆನೆನೆನೆದು ಕೆರೆದ, ಒರೆಸಿದ, ಸಿಮೆಂಟು ಕಲಸಿ ತುಂಬಿದ, ಬೆರಳಿನಿಂದ ಒತ್ತಿ ಹಿಡಿದ. ಹಣೆಯ ಬೆವರು ಇಳಿದದ್ದು ಅವನದೇ ಹೊರತು ಆಕೆಯದಲ್ಲ.

"ಮುಗೀತು" ಎಂದ.

"ಮುಗೀತೇನ್ರಿ? ಶುರು ಯಾವಾಗ ಮಾಡಿದ್ರಿ?" ಎಂದಳು ಚಾಂದ್‌ಬೀ.

ಆಕೆಯ ಕಣ್ಣು ತುಂಬಿತು. ಅವನ ಕೈ ಹಿಡಿದು, "ಅಲ್ಲಾ ಈ ಕೈ ಚಲೋ ಇಡಲಿ" ಎಂದಳು. ಹನ್ನೊಂದು ವರ್ಷದಲ್ಲಿ ಆ ಕುರ್ಚಿಯಿಂದ ಅವನಿಗೆ ಬಂದ ಮೊದಲ ಆಶೀರ್ವಾದ ಅದು. ಆಮೇಲೆ ಆಕೆ ಚೀಲಕ್ಕೆ ಕೈ ಹಾಕಿ ಬಿಳಿ ಪಿಂಗಾಣಿಯ ಫ್ಯೂಸೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

"ಸಿಟ್ಟಾಗಬ್ಯಾಡ್ರಿ ಡಾಕ್ಟರ್ ಸಾಬ್. ಹೋದ ವರ್ಷ ಶಾಹೀನ್ ಮೇಡಂ ನನ್ನ ಇನ್ನೊಂದು ಹಲ್ಲು ಹಿಂಗ ಮಾಡಿದ್ರು. ಇಷ್ಟು ದೂರ ಯಾಕ ಬರ್ತೀರಿ, ಮಸ್ಕಿ ಡಾಕ್ಟರಿಗೂ ಇದು ಬರ್ತದ, ಆದ್ರ ಮಷಿನ್ ನಡಿಯೋತನಕ ಅವರು ಚಮಚ ಹಿಡಿಯಂಗಿಲ್ಲ ಅಂದಿದ್ರು. ಅದಕ್ಕ ಬೆಂಚಿನ ಬಾಜೂಕಿದ್ದ ಬೋರ್ಡಿನಾಗಿಂದ ಇದನ್ನ ಕಿತ್ತಿಟ್ಕೊಂಡೆ. ನಮ್ಮೂರಾಗ ಫ್ಯೂಸ್ ಕಿತ್ತು ಹಾಕೋದು ದಿನದ ಕೆಲಸ."

ಸಿಟ್ಟು ಬಂದದ್ದು ನಿಜ, ಆದರೆ ಗಂಟಲವರೆಗೆ ಬಂದು ನಗೆಯಾಯಿತು. ಆಕೆ ಹೋದ ಮೇಲೆ ಅವನು ಶಾಹೀನ್‌ಗೆ ಫೋನ್ ಮಾಡಿ, "ನಿನ್ನ ಉಪಕಾರ ಮರೆಯಂಗಿಲ್ಲವ್ವ. ನಾನು ದಡ್ಡ ಇದ್ದೆ" ಎಂದ. ಮನಸ್ಸು ತುಂಬಿ ಬಂದಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಚಾಂದ್‌ಬೀ ಬಾಯಿ ತೆರೆದು ತೋರಿಸಿದ್ದೇ ತೋರಿಸಿದ್ದು. ಅರ್ಧ ಗಂಟೆಯಲ್ಲಿ ಮಸ್ಕಿಗೆ ಬಂದಿದ್ದ ಸಂತೆಕಲ್ಲೂರಿನವರೆಲ್ಲ ಮೆಟ್ಟಿಲು ಹತ್ತಿ ಬೆಂಚಿನ ಮೇಲೆ ಒತ್ತೊತ್ತಾಗಿ ಕೂತರು. ಎಲ್ಲರಿಗಿಂತ ಮುಂದೆ ದುರುಗಪ್ಪ. ಮಷಿನ್ ಬಂದ್ ಆಗಿದೆ ತಾನೇ ಎಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡು ಕುರ್ಚಿಯಲ್ಲಿ ಒರಗಿದ. ಸಿದ್ದರಾಮೇಶ ಅವನ ಕೊರಳಿಗೆ ಹೊಸ ಹಸಿರು ಬಟ್ಟೆ ಕಟ್ಟಿ, ಕೃತಜ್ಞತೆಯಿಂದ ಚಮಚ ಕೈಗೆತ್ತಿಕೊಂಡ. ದುರುಗಪ್ಪ ಬಾಯಿ ತೆರೆದ.

ಆಗ ಫ್ಯಾನು ತಿರುಗಿತು. ದೀಪ ಹತ್ತಿತು. ಆರಿಸಲು ಮರೆತಿದ್ದ ಕಂಪ್ರೆಸರ್ ಮೂಲೆಯಿಂದ ಗುಟುರು ಹಾಕಿತು.

ದುರುಗಪ್ಪ ಬಾಗಿಲು ದಾಟುವ ಹೊತ್ತಿಗೆ ಬೆಂಚೂ ಖಾಲಿಯಾಗಿತ್ತು. ಸಿದ್ದರಾಮೇಶ ಕಿಟಕಿಯಿಂದ ಬಗ್ಗಿ, ನಾನು ಕೈಯಿಂದಲೇ ಮಾಡುತ್ತೇನೆ ಎಂದು ಕೂಗಿದ. ಎರಡನೆಯ ಹಸಿರು ಬಟ್ಟೆಯೂ ಬಸ್ಸು ಹತ್ತಿತು.

ತಿರುಗಿ ನೋಡಿದರೆ ಬಾಗಿಲಲ್ಲಿ ಅಮರಗುಂಡಪ್ಪ, ಕೈಯಲ್ಲೊಂದು ಲೋಟ ಮೋಸಂಬಿ ಜ್ಯೂಸು, ಮುಖದ ತುಂಬ ಸಂತೋಷ.

"ಫ್ಯೂಸ್ ಮೇಜಿನ ಮ್ಯಾಲ ಬಿದ್ದಿತ್ತು ಡಾಕ್ಟ್ರೇ, ನಾನೇ ಹಾಕಿದೆ" ಎಂದ. "ಇಷ್ಟಕ್ಕೆಲ್ಲ ಉಪಕಾರ ಅದೂ ಇದೂ ಅನ್ನಬ್ಯಾಡ್ರಿ."