ಸಿಸ್ಟರ್, ಕೈ ಇಳಿಸಬಹುದಾ?

ವಯಸ್ಸಾದವರ ಜೊತೆ ಕೆಲಸ ಮಾಡುವವರಿಗೆ ನಗುವಿಗೆ ಬರ ಅನ್ನೋದೇ ಇಲ್ಲ. ತೊಂಬತ್ತರ ದಶಕದಲ್ಲಿ ಶಿವಮೊಗ್ಗದ ಒಂದು ಸೇವಾಸಂಸ್ಥೆ ಬಡವರ ಬಡಾವಣೆಗಳ ಹಿರಿಯರಿಗಾಗಿ ಕ್ಯಾಂಪು ನಡೆಸುತ್ತಿತ್ತು. ಅದರಲ್ಲಿ ನಾನು ನರ್ಸು. ಒಂದು ಹಳೇ ವ್ಯಾನು, ಭದ್ರಾವತಿಯ ಡ್ರೈವರು, ಮಾತು ಕಡಿಮೆಯ ಡಾಕ್ಟರು, ಮಾತು ಜಾಸ್ತಿಯ ನಾನು. ಬಿಪಿ ನೋಡೋದು, ಮಾತ್ರೆ ಕೊಡೋದು, ಕೈಕಾಲು ಆಡಿಸೋಕೆ ಹೇಳಿಕೊಡೋದು, ಇಷ್ಟೇ ಕೆಲಸ. ಆದರೂ ಸಂಜೆ ಮನೆಗೆ ಬಂದಾಗ ನಮ್ಮತ್ತೆ ಟೀ ಲೋಟ ಕೈಗೆ ಕೊಡುವ ಮೊದಲೇ “ಇವತ್ತೇನಾಯ್ತೇ?” ಅಂತ ಕೇಳೋರು. “ಏನೂ ಇಲ್ಲ” ಅಂತ ಹೇಳಿದ ನೆನಪೇ ನನಗಿಲ್ಲ.

ರೋಗದ ಬುಡ

ಶಿವಮೊಗ್ಗದ ಒಂದು ಬಡಾವಣೆಯಲ್ಲಿ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ದುಡಿದ ಅಜ್ಜ ಒಬ್ಬರಿದ್ದರು. ಬಿಪಿ ವಿಪರೀತ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮುಂದಿನ ಸಲ ನೋಡಿದರೆ ಒಂದು ಗೆರೆಯೂ ಇಳಿದಿಲ್ಲ. ಮಾತ್ರೆ ಬದಲಾಯಿಸಿದರು. ಊಹೂಂ.

“ಮಾತ್ರೆ ಸರಿಯಾಗಿ ತಗೊಳ್ತಿದೀರಾ?” ಅಂತ ಕೇಳಿದರೆ ಅಜ್ಜ ಸುಮ್ಮನೆ ಹೆಂಡತಿಯ ಮುಖ ನೋಡಿದರು. ಅಜ್ಜಿ ಖಡಕ್ಕಾಗಿ, “ಒಂದು ದಿನಾನೂ ತಪ್ಪಿಲ್ಲ ಡಾಕ್ಟ್ರೇ, ಶೀಟು ಖಾಲಿಯಾಗಿದೆ” ಅಂತ ತೋರಿಸಿದರು.

ಅದಾದ ಮೇಲೆ ಒಂದು ದಿನ ಅಜ್ಜಿ ಕ್ಯಾಂಪಿಗೆ ಬರಲಿಲ್ಲ. ಮನೆಗೇ ಹೋದೆ. ಅಜ್ಜಿ ಚಾಪೆ ಮೇಲೆ ಮಲಗಿದ್ದಾರೆ, ಎದ್ದರೆ ತಲೆ ತಿರುಗುತ್ತದಂತೆ. ಬಿಪಿ ನೋಡಿದೆ. ನೆಲಕ್ಕೆ ಇಳಿದುಬಿಟ್ಟಿದೆ! ನನಗೆ ಅನುಮಾನ ಬಂತು.

“ಅಜ್ಜೀ, ನಿಜ ಹೇಳಿ. ಅಜ್ಜನ ಮಾತ್ರೆ ಯಾರು ನುಂಗ್ತಿದ್ದಿದ್ದು?”

“ನಾನೇ.”

“ಅಯ್ಯೋ, ಯಾಕೆ?”

“ಇನ್ನೇನ್ ಮಾಡ್ಲಿ? ‘ನನ್ ಬಿಪಿಗೆ ಕಾರಣ ನೀನೇ, ನೀನೇ’ ಅಂತ ಬೆಳಗಾದ್ರೆ ಬೈತಾರೆ. ಅದಕ್ಕೆ, ಕಾರಣ ಯಾವ್ದೋ ಅದಕ್ಕೇ ಔಷಧಿ ಹಾಕಣ ಅಂತ ಶುರು ಮಾಡ್ದೆ!”

ಭುಜದ ವ್ಯಾಯಾಮ

ತುಂಗೆಯ ದಡದ ಹತ್ತಿರದ ಇನ್ನೊಂದು ಬಡಾವಣೆಯ ಸಮುದಾಯ ಭವನದಲ್ಲಿ ಹಿರಿಯರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದೆ. ಅಲ್ಲಿ ಎಲ್ಲರಿಗೂ ಭುಜ ಹಿಡಿದುಕೊಳ್ಳುವ ತೊಂದರೆ. ಆದರೆ ಕೈ ಎತ್ತಿದ ತಕ್ಷಣ ಇಳಿಸಿಬಿಡೋರು. ಅದಕ್ಕೆ ಆ ದಿನ ಸ್ವಲ್ಪ ಜೋರು ಮಾಡಿದೆ. “ಎರಡೂ ಕೈ ಮೇಲೆ! ಹಾಗೇ ಇರ್ಲಿ. ನಾನು ಹೇಳೋ ತನಕ ಯಾರೂ ಇಳಿಸಬಾರದು!”

ಅದು ಮುನಿಸಿಪಲ್ ಎಲೆಕ್ಷನ್ ಕಾಲ. ಅದೇ ಗಳಿಗೆಗೆ ಬಾಗಿಲಲ್ಲಿ ಆ ವಾರ್ಡಿನ ಅಭ್ಯರ್ಥಿ ಹಿಂಬಾಲಕರ ಜೊತೆ ಪ್ರತ್ಯಕ್ಷ. ಮುಖ ಎತ್ತಿ ನೋಡುವ ಮೊದಲೇ ಬಗ್ಗಿ ಕೈ ಮುಗಿದು, “ಅಪ್ಪಾ, ಅಮ್ಮಾ, ಈ ಸಲ ನನ್ನ ಕಡೆಗೇ ಇದೀರಲ್ಲಾ?” ಅಂದ. ಆಮೇಲೆ ತಲೆ ಎತ್ತಿದ. ಭವನದ ತುಂಬಾ ಕೈಗಳು! ಒಬ್ಬರದೂ ಬಿಡದೆ, ಎರಡೆರಡು!

ಆತ ಖುಷಿಯಿಂದ ಒಳಗೇ ನುಗ್ಗಿದ. ಚರಂಡಿ ಮಾಡಿಸ್ತೀನಿ, ಬೀದಿ ನಲ್ಲಿ ಹಾಕಿಸ್ತೀನಿ ಅಂತ ಭಾಷಣ ಶುರುವಾಯಿತು. ನಾನೋ, ಬಾಯಿ ಬಿಟ್ಟುಕೊಂಡು ನಿಂತವಳು ‘ಇಳಿಸಿ’ ಅನ್ನೋದನ್ನೇ ಮರೆತೆ. ನಮ್ಮವರು ಭಾರಿ ಶಿಸ್ತಿನವರು. ಯಾರೂ ಇಳಿಸಲಿಲ್ಲ. ಕೈಗಳು ನಡುಗತೊಡಗಿದವು. ಅದನ್ನು ಕಂಡ ಅಭ್ಯರ್ಥಿ, “ನೋಡ್ರೋ, ಕೈ ನಡುಗ್ತಾ ಇದೆ, ಆದ್ರೂ ಇಳಿಸ್ತಿಲ್ಲ. ಪ್ರೀತಿ ಅಂದ್ರೆ ಇದು ಕಣ್ರೋ!” ಅಂತ ಹಿಂಬಾಲಕರಿಗೆ ತೋರಿಸಿದ. ಮುಂದಿನ ಸಾಲಿನ ಅಜ್ಜಿ ಮೆಲ್ಲಗೆ, “ಸಿಸ್ಟರ್, ಕೈ ಇಳಿಸಬಹುದಾ? ಜೀವ ಹೋಗ್ತಿದೆ” ಅಂದಾಗಲೇ ನನಗೆ ಎಚ್ಚರವಾಗಿದ್ದು.

ಆ ಪುಣ್ಯಾತ್ಮ ಆ ಬೀದಿಗೆ ಮತ್ತೆ ಪ್ರಚಾರಕ್ಕೇ ಬರಲಿಲ್ಲ, ಅಲ್ಲಿನ ಓಟೆಲ್ಲಾ ಗ್ಯಾರಂಟಿ ಅಂತ. ಕೊನೆಗೆ ಸೋತ. ಸೋತ ಮೇಲೆ ಒಂದು ದಿನ ಭವನಕ್ಕೆ ಬಂದು, ಬಾಗಿಲ ಹತ್ತಿರ ಕೂತಿದ್ದ ಅಜ್ಜನನ್ನು ನೊಂದುಕೊಂಡು ಕೇಳಿದ. “ಅಲ್ಲ ಅಜ್ಜಾ, ಅವತ್ತು ಎರಡೂ ಕೈ ಎತ್ತಿದ್ರಲ್ಲ?”

ಅಜ್ಜ ಅಷ್ಟೇ ಪ್ರಾಮಾಣಿಕವಾಗಿ ಹೇಳಿದರು. “ಒಂದೇ ಎತ್ತಿದ್ರೆ ಆಗ್ತಿತ್ತೇನಪ್ಪಾ? ನೋವು ಎರಡೂ ಭುಜದಾಗಿತ್ತು.”

ನನ್ನ ತಮಿಳು

ಭದ್ರಾವತಿಯ ಫ್ಯಾಕ್ಟರಿ ಕಡೆಯ ಬೀದಿಗಳಲ್ಲಿ ಕನ್ನಡದಷ್ಟೇ ತಮಿಳು, ತೆಲುಗು ಕೇಳಿಸುತ್ತದೆ. ಅಲ್ಲಿನ ಎಷ್ಟೋ ಅಜ್ಜಿಯರಿಗೆ ಕನ್ನಡ ಅಷ್ಟಕ್ಕಷ್ಟೇ. ಎಲ್ಲದಕ್ಕೂ ತಮಿಳು ಬಲ್ಲ ನಮ್ಮ ಡ್ರೈವರನ್ನು ಕರೆಯೋದು ಬೇಡ ಅಂತ ನಾನೇ ಅವರಿಂದ ಒಂದು ವಾಕ್ಯ ಕಲಿತೆ. ‘ವಲಿ ಎಂಗೆ?’ ಅಂದರೆ ನೋವು ಎಲ್ಲಿ ಅಂತ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ಕ್ಯಾಂಪು ಮುಗಿಯುವ ಹೊತ್ತಿಗೆ ಒಬ್ಬ ತಮಿಳು ಅಜ್ಜಿ ಬಂದು ಕೂತರು. ಬೇರೆ ರೋಗಿಗಳು ಯಾರೂ ಉಳಿದಿರಲಿಲ್ಲ, ಡ್ರೈವರು ಹೊರಗೆ ವ್ಯಾನಿನಲ್ಲಿದ್ದರು. ನಾನು ಭಾರಿ ಧೈರ್ಯದಿಂದ, “ವಳಿ ಎಂಗೆ?” ಅಂದೆ.

ಅಜ್ಜಿ ಆಶ್ಚರ್ಯದಿಂದ ನನ್ನನ್ನು ನೋಡಿದರು. ಬಾಗಿಲ ಕಡೆ ಕೈ ತೋರಿಸಿ ಏನೋ ಉದ್ದಕ್ಕೆ ಹೇಳಿದರು. ನನಗೆ ಅರ್ಥವಾಗಿದ್ದು ‘ಎಡದು ಪಕ್ಕಂ’ ಅಷ್ಟೇ. ಎಡ ಪಕ್ಕ! ಎದೆಯ ಎಡ ಪಕ್ಕ! ಮತ್ತೆ ಕೇಳಿದೆ. ಮತ್ತೆ ಅದೇ, ಈ ಸಲ ಇನ್ನೂ ಜೋರಾಗಿ, “ಎಡದು ಪಕ್ಕಂ!”

ನಾನು ಕೂಗಿದ್ದಕ್ಕೆ ಡಾಕ್ಟರು ಓಡಿ ಬಂದು ಸ್ಟೆತಾಸ್ಕೋಪು ಇಟ್ಟರು. ಏನೂ ಗೊತ್ತಾಗಲಿಲ್ಲ. “ರಿಸ್ಕು ಬೇಡ, ಆಸ್ಪತ್ರೆಗೆ ಹೋಗಣ” ಅಂದರು. ಇಬ್ಬರೂ ಸೇರಿ ಅಜ್ಜಿಯನ್ನು ಎತ್ತಿಕೊಂಡೇ ಹೋಗಿ ವ್ಯಾನಿಗೆ ಹತ್ತಿಸಿದೆವು. ಅಜ್ಜಿಗೆ ಗಾಬರಿಯೇ ಇಲ್ಲ. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಸಮಾಧಾನ ಮಾಡುತ್ತಿದ್ದಾರೆ! ವ್ಯಾನು ಮೊದಲ ತಿರುವಿಗೆ ಬಂದಾಗ ಡ್ರೈವರಿನ ಬೆನ್ನು ತಟ್ಟಿ, “ಎಡದು ಪಕ್ಕಂ!” ಅಂದರು. ಡ್ರೈವರು ತಿರುಗಿ ತಮಿಳಿನಲ್ಲಿ ಏನೋ ಕೇಳಿದರು. ಅಜ್ಜಿ ಏನೋ ಹೇಳಿದರು. ಡ್ರೈವರು ವ್ಯಾನನ್ನು ರಸ್ತೆ ಬದಿಗೆ ನಿಲ್ಲಿಸಿ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಗತೊಡಗಿದರು.

“ಸಿಸ್ಟರ್, ‘ವಲಿ’ ಅಂದ್ರೆ ನೋವು, ‘ವಳಿ’ ಅಂದ್ರೆ ದಾರಿ. ನೀವು ದಾರಿ ಎಲ್ಲಿ ಅಂತ ಕೇಳಿದೀರಿ. ‘ಪಾಪ, ಈ ಹುಡುಗಿಗೆ ದಾರಿ ತಪ್ಪಿದೆ, ಎಷ್ಟು ಹೇಳಿದ್ರೂ ತಿಳೀತಿಲ್ಲ, ನಾನೇ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರ್ತೀನಿ’ ಅಂತಿದಾರೆ ಅಜ್ಜಿ.”

ಡಾಕ್ಟರು ಕರ್ಚೀಪಿನಲ್ಲಿ ಮುಖ ಒರೆಸಿಕೊಂಡು, “ಹಾಗಾದ್ರೆ ಅವರು ಕ್ಯಾಂಪಿಗೆ ಯಾಕೆ ಬಂದಿದ್ದು ಕೇಳಪ್ಪ” ಅಂದರು.

ಡ್ರೈವರು ಕೇಳಿ ಹೇಳಿದರು. “ಮಂಡಿನೋವಿಗಂತೆ ಸಾರ್. ‘ಅದನ್ನ ಯಾರಾದ್ರೂ ಕೇಳ್ತಾರೇನೋ ಅಂತ ಕಾಯ್ತಾ ಇದೀನಿ’ ಅಂತಿದಾರೆ.”

ನಡಿಗೆ ಸ್ಪರ್ಧೆ

ಭದ್ರಾವತಿ ಓಲ್ಡ್ ಟೌನಿನಲ್ಲಿ ಒಂದು ಸಲ ಅಜ್ಜಿಯರಿಗೆ ನಡಿಗೆ ಸ್ಪರ್ಧೆ ಇಟ್ಟೆವು. ಮುಖ್ಯ ಅತಿಥಿಯಾಗಿ ಊರಿನ ಒಬ್ಬ ದೊಡ್ಡ ವ್ಯಾಪಾರಿಯನ್ನು ಕರೆದಿದ್ದೆವು. ಮುಂದಿನ ವರ್ಷದ ಮಾತ್ರೆಗಳನ್ನು ಅವರೇ ಕೊಡಿಸಬೇಕು ಅನ್ನೋದು ನಮ್ಮ ಆಸೆ. “ಎಲ್ಲಾ ಅಚ್ಚುಕಟ್ಟಾಗಿ ನಡೀಬೇಕು ಸಿಸ್ಟರ್” ಅಂತ ಡಾಕ್ಟರು ಬೆಳಗಿನಿಂದ ನನ್ನ ತಲೆ ತಿಂದಿದ್ದರು. ವಯಸ್ಸಿಗೆ ದಾಖಲೆ ಬೇಕಲ್ಲ, ಅದಕ್ಕೆ ಎಲ್ಲರೂ ರೇಷನ್ ಕಾರ್ಡ್ ತರಬೇಕು ಅಂತ ನಾನೇ ಹೇಳಿದ್ದೆ. ಅದೇ ಮುಳುವಾಯಿತು.

ಶಾಲೆ ಮೈದಾನದಿಂದ ಹೊರಟು, ಬೀದಿ ಸುತ್ತಿ, ವಾಪಸ್ ಮೈದಾನಕ್ಕೆ ಬರಬೇಕು. ಸೀಟಿ ಊದಿದೆವು. ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೆರಗು ಬಿಗಿದು ಅಜ್ಜಿಯರು ಹೊರಟರು. ಚಪ್ಪಾಳೆಯೋ ಚಪ್ಪಾಳೆ. ಮೂಲೆ ತಿರುಗಿ ಮರೆಯಾದರು.

ಅಷ್ಟೇ. ಒಬ್ಬರೂ ವಾಪಸ್ ಬರಲಿಲ್ಲ. ಅತಿಥಿಗಳು ಒಂದು ಸೋಡಾ ಕುಡಿದು ಮುಗಿಸಿದರು. ಇನ್ನೊಂದು ತರಿಸಿದೆವು. ಅದೂ ಮುಗಿಯಿತು. ಯಾರಾದರೂ ಬಿದ್ದುಬಿಟ್ಟರಾ ಅಂತ ಡಾಕ್ಟರ ಮುಖ ಬಿಳಿಚಿಕೊಂಡಿತು. ನಾನು ಎದ್ದುಬಿದ್ದು ಓಡಿದೆ.

ಮೂಲೆ ತಿರುಗಿ ನೋಡಿದರೆ ರೇಷನ್ ಅಂಗಡಿ. ಅಂಗಡಿ ಮುಂದೆ ಸೀಮೆಎಣ್ಣೆ ಬ್ಯಾರೆಲ್ಲು. ಬ್ಯಾರೆಲ್ಲಿನ ಮುಂದೆ ಸಾಲಾಗಿ ನಮ್ಮ ಸ್ಪರ್ಧಿಗಳು! ಎಲ್ಲರಿಗಿಂತ ಮುಂದೆ, ಮಂಡಿನೋವು, ಕುರ್ಚಿಯಿಂದ ಏಳೋಕೂ ನನ್ನ ಕೈ ಬೇಕು ಅನ್ನುತ್ತಿದ್ದ ಅಜ್ಜಿ.

“ಅಜ್ಜೀ! ರೇಸು!”

“ರೇಸು ನಾಳೆನೂ ಇಡಬಹುದು ಮಾರಾಯ್ತಿ. ಎಣ್ಣೆ ಇವತ್ತು ಬಿಟ್ರೆ ಮುಂದಿನ ತಿಂಗಳೇ.”

“ಮತ್ತೆ ನಿಮ್ಮ ಮಂಡಿ?”

“ಎಣ್ಣೆ ಬಂದಿದೆ ಅಂತ ಯಾರೋ ಕೂಗಿದ್ರು. ಆಮೇಲೆ ಅದರ ಸುದ್ದೀನೇ ಇಲ್ಲ.”

ನಾನು ಕೈಚೆಲ್ಲಿ ನಿಂತಿದ್ದಾಗ ಹಿಂದಿನಿಂದ ಡಾಕ್ಟರು, ಅವರ ಹಿಂದೆ ಮುಖ್ಯ ಅತಿಥಿಗಳು, ಅವರ ಹಿಂದೆ ಫೋಟೋದವರು, ಬಹುಮಾನ ಹೊತ್ತ ಡ್ರೈವರು ಎಲ್ಲಾ ಬಂದೇಬಿಟ್ಟರು. ಮಾತ್ರೆ ಕೈತಪ್ಪಿತು ಅಂದುಕೊಂಡೆ. ಅತಿಥಿಗಳು ಕ್ಯೂ ನೋಡಿದರು, ಬ್ಯಾರೆಲ್ ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. “ಇದರಲ್ಲಿ ತಲೆ ಕೆಡಿಸ್ಕೊಳ್ಳೋದೇನಿದೆ ಡಾಕ್ಟ್ರೇ? ಯಾರು ಮೊದಲು ನಿಂತಿದಾರೋ ಅವರೇ ಫಸ್ಟು! ಮುಂದಿನ ವರ್ಷ ಮಾತ್ರೆ ನಮ್ಮದು, ಆದ್ರೆ ಸ್ಪರ್ಧೆ ಇದೇ ಅಂಗಡಿ ಮುಂದೆ!” ಅಂದುಬಿಟ್ಟರು.

ಡಾಕ್ಟರಿಗೆ ಹೋದ ಜೀವ ಬಂತು. ಮೊದಲ ಬಹುಮಾನ ಫಳಫಳ ಹೊಳೆಯುವ ದೊಡ್ಡ ಸ್ಟೀಲ್ ಡಬ್ಬಿ. ಅತಿಥಿಗಳು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. ಫೋಟೋದವರು “ಅಜ್ಜಿ, ಇಲ್ಲಿ ನೋಡಿ, ಸ್ವಲ್ಪ ನಗಿ” ಅಂದರು.

ಅಜ್ಜಿ ಅತ್ತ ನೋಡಲೇ ಇಲ್ಲ. ಅವರ ಸರದಿ ಬಂದಿತ್ತು, ಕೈಯಲ್ಲಿ ಕಾರ್ಡಿತ್ತು, ಕ್ಯಾನು ಮಾತ್ರ ಮನೆಯಲ್ಲಿತ್ತು. ಅತಿಥಿಗಳ ಕೈ ಬಿಡಿಸುವ ಗೋಜಿಗೂ ಹೋಗದೆ, ಅವರ ಕೈಯಲ್ಲೇ ಇದ್ದ ಡಬ್ಬಿಯ ಮುಚ್ಚಳ ತೆಗೆದು, ಅಂಗಡಿಯವನಿಗೆ ಹೇಳಿದರು.

“ಹುಯ್ಯಪ್ಪಾ ಬೇಗ. ಸಾಹುಕಾರ್ರು ಎಷ್ಟು ಹೊತ್ತು ಅಂತ ಹಿಡ್ಕೊಂಡು ನಿಲ್ತಾರೆ?”