ಒಂದು ಹನಿಯನ್ನೂ ಒಳಗೆ ಬಿಡದ ಜಾಕೆಟ್ಟಿನ ಮೇಲೊಂದು ದೂರು

ಮಳೆಗೆ ಜಗ್ಗದ ಬೈಕ್ ಜಾಕೆಟ್ಟುಗಳನ್ನು ತಯಾರಿಸಿ ಲೋಕವನ್ನು ಒಣಗಿಸುತ್ತಿರುವ ಘನ ಸಂಸ್ಥೆಯ, ಗ್ರಾಹಕ ಸಂತೃಪ್ತಿ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಈ ಪತ್ರ ತಮ್ಮ ಕೈಸೇರುವ ಹೊತ್ತಿಗೆ ತಾವೂ ತಮ್ಮ ಮೇಲಧಿಕಾರಿಗಳೂ ಯಾವುದಾದರೊಂದು ತಣ್ಣನೆಯ ಕೋಣೆಯಲ್ಲಿ, ಕಿಟಕಿ ತೆರೆದುಕೊಂಡು, ಮೈಗೆ ಗಾಳಿಯಾಡುವ ಬಟ್ಟೆ ತೊಟ್ಟು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಮ್ಮ ಸಂಸ್ಥೆಗೆ ನಿತ್ಯ ಬರುವ ದೂರುಗಳೆಲ್ಲ ನೀರು ಒಳಗೆ ಬಂತು ಎಂಬ ಜಾತಿಯವೇ ಇರಬೇಕಾದ್ದರಿಂದ, ಓದುವ ಮೊದಲೇ ಇದನ್ನೂ ಆ ಕಟ್ಟಿಗೆ ಸೇರಿಸಿಬಿಟ್ಟೀರಿ ಎಂಬ ಭಯದಿಂದ ಒಂದು ಮಾತನ್ನು ಮೊದಲಿಗೇ ಹೇಳಿಬಿಡುತ್ತೇನೆ: ತಮ್ಮ ಜಾಕೆಟ್ ಸೋರಲಿಲ್ಲ. ಹೊರಗಿನ ನೀರು ಒಂದೇ ಒಂದು ಹನಿಯೂ ಒಳಗೆ ಬರಲಿಲ್ಲ. ಒಳಗಿನದು ಒಂದೇ ಒಂದು ಹನಿಯೂ ಹೊರಗೆ ಹೋಗಲಿಲ್ಲ. ನನ್ನ ದೂರು ಈ ಎರಡನೆಯದರ ಬಗ್ಗೆ.

ನಾನು ಹಲ್ಲಿನ ಸೆಟ್ ಮಾಡುವವನು. ಡಾಕ್ಟರಲ್ಲ, ಡಾಕ್ಟರು ಬೈಯುವುದು ಯಾರನ್ನೋ ಅವನು. ಅವರು ಬಾಯಿಯ ಅಚ್ಚು ತೆಗೆದು ಕೊಡುತ್ತಾರೆ. ನಾನು ಅದರ ಮೇಲೆ ಗುಲಾಬಿ ಮೇಣದಲ್ಲಿ ವಸಡು ಕಟ್ಟಿ, ಹಲ್ಲುಗಳನ್ನು ಒಂದೊಂದಾಗಿ ನೆಟ್ಟು, ಟ್ರಯಲ್ ನೋಡಲೆಂದು ಕ್ಲಿನಿಕ್ಕಿಗೆ ಒಯ್ಯುತ್ತೇನೆ. ಬಾಯಲ್ಲಿ ಸರಿಯಾಗಿ ಕೂತರೆ ಆಮೇಲೆ ಆ ಮೇಣದ ಜಾಗದಲ್ಲಿ ಗಟ್ಟಿ ಸೆಟ್ ತಯಾರಾಗುತ್ತದೆ. ಊರಿನ ಏಳು ಮೂಲೆಗಳಲ್ಲಿ ಏಳು ಕ್ಲಿನಿಕ್ಕುಗಳು, ನಡುವೆ ನಾನು ಮತ್ತು ನನ್ನ ಹಳೆಯ ಬೈಕು. ಹನ್ನೊಂದು ಮಳೆಗಾಲಗಳನ್ನು ನಾನು ಪ್ಲಾಸ್ಟಿಕ್ ರೇನ್‌ಕೋಟಿನಲ್ಲಿ ಕಳೆದಿದ್ದೇನೆ. ಒಂದು ಕ್ಲಿನಿಕ್ಕಿನ ರಿಸೆಪ್ಷನ್ ಹುಡುಗಿಯಂತೂ ನಾನು ಬಾಗಿಲಲ್ಲಿ ಕಂಡ ತಕ್ಷಣ ಮುಖವನ್ನೇ ನೋಡದೆ ಕಾಲಿನ ಕೆಳಗೆ ಹಳೇ ಪೇಪರು ಹಾಸುತ್ತಿದ್ದಳು. ಮಾನವಂತನಾದವನು ಎಷ್ಟು ವರ್ಷ ಅಂತ ಪೇಪರಿನ ಮೇಲೆ ನಿಂತಾನು, ತಾವೇ ಹೇಳಿ.

ಆದಕಾರಣ ಈ ಸಲ ಒಳ್ಳೆಯದೊಂದು ಜಾಕೆಟ್ ತೆಗೆದುಕೊಳ್ಳುವುದೆಂದು ತೀರ್ಮಾನಿಸಿ, ಸತತ ಮೂರು ಶನಿವಾರ ತಮ್ಮ ಅಂಗಡಿಗೆ ಹೋದೆ. ಮೊದಲನೆಯ ಶನಿವಾರ ಬರೀ ಮುಟ್ಟಿ ನೋಡಿದೆ. ಎರಡನೆಯ ಶನಿವಾರ ಹೆಲ್ಮೆಟ್ಟು, ಗ್ಲೌಸು ಸಮೇತ ಹೋಗಿ, ಅಂಗಡಿಯ ಸ್ಟೂಲಿನ ಮೇಲೆ ಬೈಕಿನ ಮೇಲೆ ಕೂತ ಭಂಗಿಯಲ್ಲೇ ಕೂತು, ಕೈ ಮುಂದೆ ಚಾಚಿ, ತೋಳು ಮಣಿಕಟ್ಟಿನಿಂದ ಎಷ್ಟು ಮೇಲೆ ಹೋಗುತ್ತದೆಂದು ಟೇಪು ಹಿಡಿದು ನೋಡಿದೆ. ಬಾಯಲ್ಲಿ ಸಣ್ಣಗೆ ಬೈಕಿನ ಸದ್ದನ್ನೂ ಮಾಡಿದೆನೆಂದು ಜೊತೆಗೆ ಬಂದಿದ್ದ ಹೆಂಡತಿ ಹೇಳುತ್ತಾಳೆ. ಅದನ್ನು ನಾನು ಒಪ್ಪುವುದಿಲ್ಲ. "ನನ್ನನ್ನ ಮದ್ವೆ ಆಗೋವಾಗ್ಲೂ ಇಷ್ಟು ಯೋಚ್ನೆ ಮಾಡಿರ್ಲಿಲ್ಲವಲ್ರೀ ನೀವು" ಎಂದು ಅವಳು ಸೇಲ್ಸ್‌ಮನ್ನನ ಎದುರಿಗೇ ಅಂದಳು. ಅವನು ಪಾಪ, ನಗಬೇಕೋ ಬೇಡವೋ ಎಂದು ಟೈ ಸರಿಮಾಡಿಕೊಂಡ.

ಮೂರನೆಯ ಶನಿವಾರ ಲೇಬಲ್ ಓದಿದೆ. ಅದರ ಮೇಲೆ ಎರಡು ಅಂಕಿಗಳಿದ್ದವು. ಮೊದಲನೆಯದು ಇಪ್ಪತ್ತು ಸಾವಿರ, ಎರಡನೆಯದು ಮೂರು ಸಾವಿರ. ಮೊದಲನೆಯದು ಎಷ್ಟು ಎತ್ತರದ ನೀರಿನ ಭಾರವನ್ನು ಈ ಬಟ್ಟೆ ತಡೆಯುತ್ತದೆ ಎಂಬುದರ ಲೆಕ್ಕವೆಂದೂ, ಎರಡನೆಯದು ಬಟ್ಟೆ ಎಷ್ಟು ಉಸಿರಾಡುತ್ತದೆ, ಅಂದರೆ ಮೈಯ ಹಬೆಯನ್ನು ಎಷ್ಟು ಹೊರಗೆ ಬಿಡುತ್ತದೆ ಎಂಬುದರ ಲೆಕ್ಕವೆಂದೂ ಸೇಲ್ಸ್‌ಮನ್ ವಿವರಿಸಿದ. ಪಕ್ಕದಲ್ಲೇ ಇನ್ನೊಂದು ಜಾಕೆಟ್ ತೋರಿಸಿ, "ಸಾರ್, ಇದ್ರಲ್ಲಿ ನೀರಿಂದೂ ಹತ್ತು ಸಾವ್ರ, ಉಸಿರಿಂದೂ ಹತ್ತು ಸಾವ್ರ, ಕಂಕುಳ ಹತ್ರ ಗಾಳಿಗೆ ಜಿಪ್ಪೂ ಇದೆ, ಇದೇ ತಗೊಳ್ಳಿ" ಎಂದು ಪ್ರಾಮಾಣಿಕವಾಗಿ ಹೇಳಿದ. ಮಳೆಗೆಂದು ಮಾಡಿದ ಬಟ್ಟೆಗೆ ಕಂಕುಳಲ್ಲಿ ತೂತು ಇಡುವುದೆಂದರೇನು? ನಾನು ಅವನನ್ನು ತಡೆದು, "ಉಸಿರಾಡೋಕೆ ನಾನಿದೀನಲ್ಲಪ್ಪಾ, ಜಾಕೆಟ್ ಬೇರೆ ಯಾಕೆ ಉಸಿರಾಡ್ಬೇಕು?" ಎಂದೆ. ಆ ಕ್ಷಣದಲ್ಲಿ ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಬುದ್ಧಿವಂತನ ಮಾತು ಕೇಳಿ ತಿರುಗಿದರೆಂದು ನಾನು ತಿಳಿದೆ. ಇಪ್ಪತ್ತು ಸಾವಿರದ್ದನ್ನೇ ಕಟ್ಟಿಸಿಕೊಂಡು ಬಂದೆ.

ಮನೆಗೆ ತಂದ ದಿನ ಅದನ್ನು ತೊಟ್ಟು ಬಚ್ಚಲಲ್ಲಿ ಷವರಿನ ಕೆಳಗೆ ಹತ್ತು ನಿಮಿಷ ನಿಂತೆ. ಒಳಗಿನ ಬನಿಯನ್ ಒಣಗಿದ ಹಾಗೇ ಇತ್ತು. ಆಗ ತಮ್ಮ ಸಂಸ್ಥೆಯನ್ನು ನಾನು ಎಷ್ಟು ಹೊಗಳಿದೆನೆಂದರೆ, ಹೆಂಡತಿ ಬಚ್ಚಲ ಬಾಗಿಲು ಬಡಿದು ಒಳಗೆ ಯಾರ ಜೊತೆ ಮಾತಾಡುತ್ತಿದ್ದೀರಿ ಎಂದು ಕೇಳಬೇಕಾಯಿತು.

ಇಲ್ಲಿ ನನ್ನ ಮಾವನವರನ್ನು ತಮಗೆ ಪರಿಚಯಿಸುವುದು ಅನಿವಾರ್ಯ. ಹೆಂಡತಿಯ ತಂದೆ, ನಮ್ಮ ಜೊತೆಯಲ್ಲೇ ಇರುತ್ತಾರೆ, ನಲವತ್ತು ವರ್ಷ ಕೋಟು ಹೊಲಿದ ಟೈಲರ್. ಜೀವಮಾನವಿಡೀ ದಾರವನ್ನು ಕತ್ತರಿಯಿಂದ ಕತ್ತರಿಸದೆ ಹಲ್ಲಿನಿಂದಲೇ ಕಡಿದು ಕಡಿದು ಮುಂದಿನ ಹಲ್ಲುಗಳನ್ನು ಸವೆಸಿಕೊಂಡವರು, ಉಳಿದವು ವಯಸ್ಸಿಗೆ ಹೋದವು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಅರೆದ ತರಕಾರಿ, ಇಷ್ಟರಲ್ಲೇ ಎರಡು ವರ್ಷ ದೂಡಿದರು. ಮನೆಯಲ್ಲೇ ಹಲ್ಲು ಮಾಡುವ ಅಳಿಯನನ್ನಿಟ್ಟುಕೊಂಡು ಮಾವ ಬೊಚ್ಚುಬಾಯಲ್ಲಿ ತಿರುಗಾಡುತ್ತಾರೆಂದರೆ ನನ್ನ ಕಸುಬಿಗೆ ಅದಕ್ಕಿಂತ ಅವಮಾನವಿಲ್ಲ. ಕೇಳಿದಾಗಲೆಲ್ಲ ಬೇಡ ಅಂದವರು, ಈ ವರ್ಷ ಮಗಳ ಕಾಟ ತಾಳಲಾರದೆ ಒಪ್ಪಿದರು. ಒಪ್ಪುವಾಗ ಒಂದು ಷರತ್ತು ಹಾಕಿದರು. "ಅಳಿಯಂದ್ರೇ, ನಾನು ಒಂದೇ ಟ್ರಯಲ್‌ನಲ್ಲಿ ಕೋಟು ಕೂರಿಸ್ದೋನು. ಎರಡನೇ ಟ್ರಯಲ್ ಅಂತ ಗಿರಾಕಿನ ಯಾವತ್ತೂ ಕರೆಸಿಲ್ಲ. ನಿಮಗೂ ಒಂದೇ ಟ್ರಯಲ್ಲು. ಕೂತ್ರೆ ಕೂತ್ಕೊಳ್ತು, ಇಲ್ಲಾಂದ್ರೆ ನಾನು ಮತ್ತೆ ಬಾಯಿ ತೆಗೆಯಲ್ಲ." ಹೇಳಿದ್ದನ್ನು ಮಾಡುವ ಮನುಷ್ಯ ಅವರು. ಅದೇ ನನ್ನ ಕಷ್ಟ.

ಜಾಕೆಟ್ಟನ್ನೂ ಅವರು ನೋಡಿದರು. ತೋಳಿನೊಳಗೆ ಕೈ ತೂರಿಸಿ, ಹೊಲಿಗೆಯ ಮೇಲೆ ಅಂಟಿಸಿದ ಪಟ್ಟಿಯನ್ನು ಉಗುರಿನಿಂದ ಕೆರೆದು, ಕೊರಳಪಟ್ಟಿಗೆ ಬಾಯಿಟ್ಟು ಒಮ್ಮೆ ಊದಿ, "ಇದ್ರೊಳಗೆ ಗಾಳಿ ಎಲ್ಲಿಂದ ಆಡುತ್ತೆ?" ಎಂದು ಕೇಳಿದರು. ಕೋಟು ಹೊಲಿದವರಿಗೆ ಈ ಕಾಲದ ವಿಜ್ಞಾನ ಏನು ಗೊತ್ತು ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಬಾಯಲ್ಲೂ ಸ್ವಲ್ಪ ನಕ್ಕೆ ಅಂತ ಕಾಣುತ್ತದೆ, ಅವರು ಜಾಕೆಟ್ಟನ್ನು ಕುರ್ಚಿಯ ಮೇಲೆ ಎಸೆದು ಒಳಗೆ ಹೋದರು.

ಟ್ರಯಲ್ಲಿನ ದಿನ ಮಳೆ ಹೇಳಿ ಮಾಡಿಸಿದ ಹಾಗೆ ಸುರಿಯಿತು. ಮಾವನವರನ್ನು ಅವರ ಮಗಳು ಆಟೋದಲ್ಲಿ ಮುಂಚೆಯೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದಳು. ನನ್ನ ರೂಢಿ ಏನೆಂದರೆ, ಮೇಣದ ಸೆಟ್ಟನ್ನು ಅದರ ಅಚ್ಚಿನ ಮೇಲೇ ಇಟ್ಟು, ಮೇಣ ತಂಪಾಗಿರಲೆಂದು ಡಬ್ಬಿಯೊಳಗೆ ಒದ್ದೆ ಹತ್ತಿ ತುಂಬಿ, ಬೈಕಿನ ಪೆಟ್ಟಿಗೆಯಲ್ಲಿ ಒಯ್ಯುವುದು. ಆದರೆ ಅಂದು ಒಯ್ಯುತ್ತಿದ್ದದ್ದು ಮಾವನವರ ಹಲ್ಲು. ಒಂದು ತಿಂಗಳು ಕೂತು, ಅವರ ಹಳೆಯ ಫೋಟೋ ಎದುರಿಗಿಟ್ಟುಕೊಂಡು, ಎಡಗಡೆಯ ಕೋರೆಹಲ್ಲಿನ ಸಣ್ಣ ವಾರೆಯನ್ನೂ ಬಿಡದೆ ನೆಟ್ಟಿದ್ದೆ. ಪೆಟ್ಟಿಗೆಯಲ್ಲಿಟ್ಟರೆ ಗುಂಡಿಗೆ ಬಿದ್ದು ಕುಲುಕೀತು ಎಂದು, ತಮ್ಮ ಜಾಕೆಟ್ಟಿನ ಎದೆಯ ಒಳಜೇಬಿದೆಯಲ್ಲ, "ನಿಮ್ಮ ಅಮೂಲ್ಯ ವಸ್ತುಗಳಿಗಾಗಿ" ಎಂದು ತಾವೇ ಬರೆದಿರುವುದು, ಅದರಲ್ಲಿ ಅಚ್ಚು ಹಿಡಿಸದ್ದರಿಂದ ಅಚ್ಚನ್ನು ಬಿಟ್ಟು ಬರೀ ಸೆಟ್ಟನ್ನು ತೆಳು ಡಬ್ಬಿಯಲ್ಲಿ ಹಾಕಿ ಅಲ್ಲಿಟ್ಟು, ಕೊರಳ ತನಕ ಜಿಪ್ ಎಳೆದೆ. ಇಪ್ಪತ್ತೆರಡು ವರ್ಷದ ಕಸುಬಿನವನು ಮಾಡುವ ಕೆಲಸವೇ ಇದು? ಅಲ್ಲ. ಗೊತ್ತು. ಮುಂದೆ ಓದಿ.

ರೈಲ್ವೆ ಗೇಟು ಬಿದ್ದಿತ್ತು. ಮೊದಲು ಗೂಡ್ಸು ಹೋಯಿತು, ಆಮೇಲೆ ಇನ್ನೊಂದು ಕಡೆಯಿಂದ ಮತ್ತೊಂದು. ಮೂವತ್ತೈದು ನಿಮಿಷ ನಾನು ಬಿಸಿ ಎಂಜಿನ್ನಿನ ಮೇಲೆ, ಲಾರಿಯೊಂದರ ಹೊಗೆಗೊಳವೆಯ ಎದುರಿಗೆ ಕೂತಿದ್ದೆ. ಹೊರಗೆ ಮಳೆ ಜಾಕೆಟ್ಟಿನ ಮೇಲೆ ಮುತ್ತಾಗಿ ಉರುಳಿ ಬೀಳುತ್ತಿದ್ದರೆ, ಅಕ್ಕಪಕ್ಕದಲ್ಲಿ ನೆನೆಯುತ್ತಿದ್ದವರನ್ನು ಕನಿಕರದಿಂದ ನೋಡಿದೆ. ಒಳಗೆ ಮಾತ್ರ ಬೆವರು ಬೆನ್ನಿನಿಂದ ಇಳಿದು ಪ್ಯಾಂಟಿನ ತನಕ ಬಂದಿತ್ತು. ಎದೆಯ ಹತ್ತಿರ ಏನೋ ಹಿತವಾಗಿ ಬೆಚ್ಚಗಿತ್ತು. ಆ ಬೆಚ್ಚಗಿನದು ನನ್ನ ಮಾನ ಕರಗುತ್ತಿದ್ದದ್ದು ಎಂದು ಆಗ ಹೊಳೆಯಲಿಲ್ಲ.

ಕ್ಲಿನಿಕ್ಕಿನಲ್ಲಿ ಮಾವನವರು ತಾವೇ ಹೊಲಿದ ಬೂದು ಕೋಟು ಹಾಕಿಕೊಂಡು, ಗಡ್ಡ ನುಣ್ಣಗೆ ಬೋಳಿಸಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ರಿಸೆಪ್ಷನ್ ಹುಡುಗಿ ಅಂದು ಪೇಪರು ಹಾಸಲಿಲ್ಲ. ಆ ಒಂದು ಕೀರ್ತಿ ತಮಗೆ ಸಲ್ಲಬೇಕು. ಡಾಕ್ಟರಮ್ಮ ಡಬ್ಬಿ ತೆರೆದು, ಸೆಟ್ಟನ್ನು ಬೆಳಕಿಗೆ ಹಿಡಿದು, "ಇದೇನ್ರೀ, ಬಿಸಿನೀರಿಗೇನಾದ್ರೂ ಹಾಕಿದ್ರಾ?" ಎಂದರು. ಮುಂದಿನ ಆರು ಹಲ್ಲುಗಳು ಬಸ್ಸಿನಲ್ಲಿ ನಿದ್ದೆ ಹೋದವರ ಹಾಗೆ ಒಂದರ ಮೇಲೊಂದು ಒರಗಿದ್ದವು. ಟ್ರಯಲ್ ಬೇಡ, ಇನ್ನೊಂದು ದಿನ ನೋಡೋಣ ಎಂದು ನಾನೂ ಅವರೂ ಎಷ್ಟು ಹೇಳಿದರೂ ಮಾವ ಕೇಳಲಿಲ್ಲ. ಕೈ ಚಾಚಿ ಇಸಿದುಕೊಂಡು ಬಾಯಲ್ಲಿಟ್ಟುಕೊಂಡು, ಕನ್ನಡಿ ನೋಡಿ, ಕಚ್ಚಿದರು. ಹಿಂದಿನ ಎರಡು ಹಲ್ಲು ಭೇಟಿಯಾದವು. ಮುಂದಿನವು ಭೇಟಿಯಾಗಲಿಲ್ಲ. ಒಂದು ಹಲ್ಲು ತುಟಿಗೆ ಅಂಟಿಕೊಂಡು ಹೊರಗೆ ಬಂತು. ಅವರು ಅದನ್ನು ಬೆರಳಲ್ಲಿ ತೆಗೆದು, ಸೆಟ್ಟಿನ ಜೊತೆ ಕರ್ಚೀಫಿನ ಮೇಲಿಟ್ಟು, "ಆಯ್ತು" ಎಂದು ಎದ್ದುಹೋದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಂದಿನಿಂದ ಹನ್ನೆರಡು ವಾರ, ಮಾನ್ಯರೇ, ಅವರು ನನ್ನೆದುರು ಬಾಯಿ ತೆರೆದಿಲ್ಲ. ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. ಮಗಳ ಜೊತೆ ಮಾತಾಡುವಾಗಲೂ ನಾನು ಬಂದರೆ ಕೈ ಅಡ್ಡ ಹಿಡಿಯುತ್ತಾರೆ. ಮನುಷ್ಯ ಸೊರಗಿದ್ದಾರೆ, ಕೋಟು ಭುಜದಿಂದ ಜಾರುತ್ತಿದೆ. ಅವರ ಕೋಟು ಅವರಿಗೇ ಕೂರದ್ದನ್ನು ನೋಡಲು ನನ್ನಿಂದಾಗುತ್ತಿಲ್ಲ.

ತಮ್ಮ ಕಚೇರಿಗೆ ಫೋನು ಮಾಡಿದೆ. ಅತ್ಯಂತ ಮಧುರ ದನಿಯ ಹೆಣ್ಣುಮಗಳೊಬ್ಬಳು "ಸಾರ್, ನೀರು ಒಳಗೆ ಬಂತಾ?" ಎಂದಳು. ಇಲ್ಲಮ್ಮಾ ಎಂದೆ. "ಹಾಗಾದ್ರೆ ಏನು ತೊಂದ್ರೆ ಸಾರ್?" ಎಂದಳು. ಹಲ್ಲು ಬಾಗಿದವು ಎಂದೆ. ಯಾರ ಹಲ್ಲು ಎಂದಳು. ನಮ್ಮ ಮಾವನವರದು ಎಂದೆ. "ಜಾಕೆಟ್ ಅವ್ರು ಹಾಕ್ಕೊಂಡಿದ್ರಾ ಸಾರ್?" ಎಂದಳು. ಇಲ್ಲ, ಜಾಕೆಟ್ ನಾನು ಹಾಕಿಕೊಂಡಿದ್ದೆ, ಹಲ್ಲು ನನ್ನ ಎದೆಯ ಮೇಲಿತ್ತು ಎಂದೆ. ಆಮೇಲೆ ಬಹಳ ಹೊತ್ತು ಸಂಗೀತ ಕೇಳಿಸಿದರು. ಮಾರನೆಯ ದಿನ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಸಂದೇಶ ಬಂತು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಒಂದು, ಇಷ್ಟು ಪರಿಪೂರ್ಣವಾದ ವಸ್ತುವನ್ನು ಬರೀ ಬೈಕ್ ಸವಾರರಿಗೆ ಮಾರಿ ಪೋಲು ಮಾಡದೆ, ಮೊಟ್ಟೆಯಿಂದ ಮರಿ ಮಾಡಿಸುವ ಕೋಳಿ ಸಾಕಣೆಯವರಿಗೂ ಒದಗಿಸುವುದು. ಮತ್ತೆ, ತಮ್ಮ ವಿನ್ಯಾಸ ವಿಭಾಗದ ಹಿರಿಯರು ಒಂದು ದಿನ ಇದೇ ಜಾಕೆಟ್ ತೊಟ್ಟು, ಜೇಬಿನಲ್ಲಿ ಬೆಣ್ಣೆಯಿಟ್ಟುಕೊಂಡು, ನಮ್ಮ ರೈಲ್ವೆ ಗೇಟಿನಲ್ಲಿ ಎರಡು ಗೂಡ್ಸುಗಳನ್ನು ಗೌರವದಿಂದ ಬೀಳ್ಕೊಡುವುದು. ಎಲ್ಲಕ್ಕಿಂತ ಮುಖ್ಯವಾಗಿ, ತಾವೇ ಖುದ್ದಾಗಿ ನಮ್ಮ ಮನೆಗೆ ಬಂದು, ಸಂಸ್ಥೆಯ ಮೊಹರಿರುವ ಕಾಗದದಲ್ಲಿ, "ತಪ್ಪು ನಮ್ಮ ಜಾಕೆಟ್ಟಿನದು, ನಿಮ್ಮ ಅಳಿಯನ ಕೈ ಕೆಟ್ಟದ್ದಲ್ಲ" ಎಂದು ಮಾವನವರಿಗೆ ಓದಿ ಹೇಳುವುದು. ಅದು ಪೂರ್ತಿ ಸತ್ಯವಲ್ಲವೆಂದು ನಾನು ಬಲ್ಲೆ. ಎರಡನೆಯ ಅಂಕಿಯನ್ನು ತಾವು ಬರೆದಿದ್ದಿರಿ, ಸೇಲ್ಸ್‌ಮನ್ ಹೇಳಿದ್ದ, ಮಾವನವರು ಊದಿಯೇ ತೋರಿಸಿದ್ದರು. ಕೇಳದೆ ಹೋದವನು ನಾನೊಬ್ಬನೇ. ಆದರೆ ಇದನ್ನು ಅವರ ಎದುರು ನಿಂತು ಹೇಳುವಷ್ಟು ಧೈರ್ಯ ನನಗಿಲ್ಲದ್ದರಿಂದ ತಮಗೆ ಈ ಪತ್ರ ಬರೆಯಬೇಕಾಗಿ ಬಂತು.

ತಮ್ಮ ಸಂಸ್ಥೆಯ ಕೀರ್ತಿಯೂ ತಮ್ಮ ಜಾಕೆಟ್ಟಿನೊಳಗಿನ ಹಬೆಯಂತೆ ಎಲ್ಲಿಗೂ ಹೋಗದೆ ಉಳಿಯಲೆಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
ಒಳಗಿನಿಂದ ನೆನೆದ ಒಬ್ಬ ಗ್ರಾಹಕ

ತಾ.ಕ.: ಪತ್ರ ಮುಗಿಸಿ, ಏನಾದರೂ ಹೆಚ್ಚುಕಡಿಮೆ ಇದೆಯೇ ಎಂದು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಫೋನಿನ ಭಾಗಕ್ಕೆ ಬಂದಾಗ ಪಕ್ಕದ ಕೋಣೆಯಲ್ಲಿ ಏನೋ ಸದ್ದಾಯಿತು. ಕೊನೆಯ ತನಕ ಓದಿ ತಲೆಯೆತ್ತಿದರೆ ಮಾವನವರು ಬಾಗಿಲಲ್ಲಿ ನಿಂತಿದ್ದರು, ಅದೇ ಜಾಕೆಟ್ಟನ್ನು ಒಳಮೈ ಹೊರಗೆ ಮಾಡಿ ಕೈಯಲ್ಲಿ ಹಿಡಿದುಕೊಂಡು. ಹನ್ನೆರಡು ವಾರದ ಮೇಲೆ ನನ್ನ ಕಡೆ ನೋಡಿ, "ಹೊಲ್ದೋರ ಕೈ ಚೆನ್ನಾಗಿದೆ, ಇದನ್ನ ಯೋಚ್ನೆ ಮಾಡ್ದೋರ ತಲೆಯೊಳಗೇ ಗಾಳಿ ಆಡಿಲ್ಲ ಅಂತ ಬರೀರಿ" ಎಂದರು. ಬರೆದಿದ್ದೇನೆ, ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ಕೈ ಅಡ್ಡ ಹಿಡಿಯುವುದನ್ನು ಮರೆತು, ಬೊಚ್ಚುಬಾಯಿ ಪೂರ್ತಿ ಬಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನು ಪೆನ್ನು ಹಿಡಿದುಕೊಂಡು ಆ ಬಾಯನ್ನೇ ನೋಡುತ್ತಿದ್ದೆ. ಅವರು ಕುರ್ಚಿ ಎಳೆದು ಕೂತು, ಗಲ್ಲ ಮೇಲೆತ್ತಿ ಹೇಳಿದರು: "ಏನ್ ನೋಡ್ತಿದೀರಿ ಅಳಿಯಂದ್ರೇ? ಬಾಯಿ ತೆಗ್ದಿದೀನಿ, ಮುಚ್ಚೋದ್ರೊಳಗೆ ಅಳತೆ ತಗೊಳ್ಳಿ. ಆದ್ರೆ ಈ ಸಲ ಹಲ್ಲು ತರೋವಾಗ ನೆಂದ್ಕೊಂಡೇ ಬನ್ನಿ."